ಅಪರಿಚಿತರ ಊರಿನಲ್ಲಿ ದಾರಿ

ಹಳ್ಳಿಯಿಂದ ಪಟ್ಟಣದ ಜಾತ್ರೆಗೆ ಬಂದವನು ದಾರಿ ತಿಳಿಯಲಿಲ್ಲವೆಂದು ಕಂಗೆಡುವುದಿಲ್ಲ. ಬೀದಿಯ ತಿರುವಿನಲ್ಲಿರುವ ಅಂಗಡಿಯವನನ್ನು ಕೇಳುತ್ತಾನೆ; ಅವನು ಕೈಚಾಚಿ ದಾರಿ ತೋರಿಸುತ್ತಾನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಹುಟ್ಟಿದ್ದು ಇಂತಹ ಲೋಕದಲ್ಲಿ. ಆದರೆ ದೊಡ್ಡದೊಂದು ವಿಮಾನ ನಿಲ್ದಾಣದಲ್ಲಿ ಈ ಗಾದೆ ಪೂರ್ತಿಯಾಗಿ ನಡೆಯುವುದಿಲ್ಲ. ಅಲ್ಲಿ ಎದುರಿಗೆ ಬರುವ ಮನುಷ್ಯನೂ ಆಗತಾನೆ ಎಲ್ಲಿಂದಲೋ ಬಂದಿಳಿದವನು. ಅವನೂ ತಲೆಯೆತ್ತಿ ಫಲಕಗಳನ್ನೇ ಹುಡುಕುತ್ತಿರುತ್ತಾನೆ. ಬಹುಮಟ್ಟಿಗೆ ಅಪರಿಚಿತರೇ ತುಂಬಿರುವ ಊರು ಅದು. ಆದಕಾರಣ ಅಲ್ಲಿ ದಾರಿಯೇ ಮಾತನಾಡಬೇಕಾಗುತ್ತದೆ.

ಮಂಡ್ಯದ ಕಡೆಯ ಒಬ್ಬ ತಾಯಿ ಬಾಣಂತಿ ಮಗಳನ್ನು ನೋಡಿಕೊಳ್ಳಲು ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಒಬ್ಬಳೇ ಹೊರಟಿದ್ದಾಳೆ ಎಂದು ಭಾವಿಸಬಹುದು. ಇಂತಹ ಪ್ರಯಾಣ ಈಗ ಅಪರೂಪವಲ್ಲ. ಆಕೆ ಕನ್ನಡವನ್ನು ಚೆನ್ನಾಗಿ ಓದಬಲ್ಲಳು. ಇಂಗ್ಲಿಷಿನ ಅಕ್ಷರಗಳನ್ನೂ ಅಂಕಿಗಳನ್ನೂ ಗುರುತಿಸಬಲ್ಲಳು, ಅಷ್ಟೆ. ನಡುವೆ ಆಂಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಬೇಕು. ಅದಕ್ಕೆ ದೊರೆಯುವ ಕಾಲ ಎರಡು ಗಂಟೆ. ಅಲ್ಲಿ ದಾರಿ ತಪ್ಪಿದರೆ ಮುಂದಿನ ವಿಮಾನ ಹೋಗಿಬಿಡುತ್ತದೆ; ಭಾಷೆ ಬಾರದ ನಾಡಿನಲ್ಲಿ ಒಂಟಿಯಾಗಿ ಕುಳಿತುಕೊಳ್ಳಬೇಕಾಗುತ್ತದೆ. ಮನೆಯವರೆಲ್ಲರ ಆತಂಕವೂ ಆ ಎರಡು ಗಂಟೆಗಳನ್ನು ಕುರಿತದ್ದೇ.

2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಆಕೆಗೆ ಅಷ್ಟಾಗಿ ತೊಡಕಿಲ್ಲ. ಅಲ್ಲಿಯ ಫಲಕಗಳಲ್ಲಿ ಕನ್ನಡವಿದೆ. ಬಾಗಿಲಲ್ಲಿ ಟಿಕೆಟ್ಟನ್ನೂ ಗುರುತಿನ ಪತ್ರವನ್ನೂ ತೋರಿಸಿ ಒಳಹೊಕ್ಕ ಪ್ರಯಾಣಿಕ ಮೊದಲು ವಿಮಾನ ಸಂಸ್ಥೆಯ ಕೌಂಟರಿಗೆ ಹೋಗಿ ದೊಡ್ಡ ಪೆಟ್ಟಿಗೆಯನ್ನು ಒಪ್ಪಿಸುತ್ತಾನೆ. ಪೆಟ್ಟಿಗೆಯ ಹಿಡಿಗೆ ಒಂದು ಉದ್ದನೆಯ ಚೀಟಿಯನ್ನು ಸುತ್ತಿ ಅಂಟಿಸುತ್ತಾರೆ. ಅದರಲ್ಲಿ ಹತ್ತು ಅಂಕಿಗಳ ಒಂದು ಸಂಖ್ಯೆಯೂ ಸೇರಬೇಕಾದ ಊರಿನ ಮೂರಕ್ಷರದ ಸಂಕೇತವೂ ಇರುತ್ತವೆ. ಬೆಂಗಳೂರಿಗೆ ಬಿ.ಎಲ್.ಆರ್., ಆಂಸ್ಟರ್‌ಡ್ಯಾಮಿಗೆ ಎ.ಎಂ.ಎಸ್., ಹ್ಯಾಂಬರ್ಗಿಗೆ ಎಚ್.ಎ.ಎಂ. ಎಂದು ಸಂಕೇತಗಳು. ನಮ್ಮ ಮಂಗಳೂರಿಗೆ ಮಾತ್ರ ಐ.ಎಕ್ಸ್.ಇ. ಎಂಬ, ಊರಿನ ಹೆಸರಿಗೆ ಹೊಂದದ ಸಂಕೇತ ದೊರೆತಿದೆ. ತಾಯಿಯ ಚೀಟಿಯಲ್ಲಿ ಎಚ್.ಎ.ಎಂ. ಎಂದು ಅಚ್ಚಾಗಿದ್ದರೆ ಪೆಟ್ಟಿಗೆ ನೇರವಾಗಿ ಹ್ಯಾಂಬರ್ಗಿಗೇ ಹೋಗುತ್ತದೆ. ಆಂಸ್ಟರ್‌ಡ್ಯಾಮಿನಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಈ ಮೂರಕ್ಷರಗಳನ್ನು ಕೌಂಟರಿನಲ್ಲೇ ಓದಿಕೊಳ್ಳುವುದು ಜಾಣತನ. ಪೆಟ್ಟಿಗೆ ಸಾಗುಪಟ್ಟಿಯ ಮೇಲೆ ಕಣ್ಮರೆಯಾದ ಮೇಲೆ ಕೈಯಲ್ಲಿ ಉಳಿಯುವುದು ಚೀಟಿಯ ಒಂದು ತುಂಡು ಮಾತ್ರ.

ಆಂಸ್ಟರ್‌ಡ್ಯಾಮಿನ ನಿಲ್ದಾಣದ ಹೆಸರು ಸ್ಕಿಪೋಲ್. ಒಂದು ಕಾಲದಲ್ಲಿ ಅದು ಹಾರ್ಲೆಮರ್‌ಮೇರ್ ಎಂಬ ಸರೋವರದ ತಳವಾಗಿತ್ತು. ಉಗಿಯಂತ್ರಗಳಿಂದ ನೀರನ್ನು ಮೇಲೆತ್ತಿ 1852ರಲ್ಲಿ ಆ ಸರೋವರವನ್ನು ಬರಿದುಮಾಡಿದರು. ಹಡಗು ತೇಲುತ್ತಿದ್ದ ಜಾಗದಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರು ಕೆಳಗೆ, ಇಂದು ವಿಮಾನಗಳು ಇಳಿಯುತ್ತವೆ. 1916ರಲ್ಲಿ ಸೈನ್ಯದ ವಿಮಾನಗಳಿಗಾಗಿ ಆರಂಭವಾದ ಈ ಬಯಲು ಕ್ರಮೇಣ ಯೂರೋಪಿನ ದೊಡ್ಡ ನಿಲ್ದಾಣಗಳಲ್ಲಿ ಒಂದಾಯಿತು. 1967ರಲ್ಲಿ ಅಲ್ಲಿ ಹೊಸ ಕಟ್ಟಡ ತೆರೆದಾಗ ಬೆನ್ನೊ ವಿಸ್ಸಿಂಗ್ ಎಂಬ ವಿನ್ಯಾಸಕಾರ ಅದರ ಫಲಕಗಳನ್ನು ರೂಪಿಸಿದನು. ಅಲ್ಲಿಯವರೆಗೆ ಅನೇಕ ಕಡೆಗಳಲ್ಲಿ ಫಲಕವೆಂದರೆ ಕಟ್ಟಡ ಮುಗಿದ ಮೇಲೆ ಯಾರೋ ನೆನಪಿಸಿಕೊಂಡು ತೂಗುಹಾಕುವ ಹಲಗೆಯಾಗಿತ್ತು. ವಿಸ್ಸಿಂಗನಿಗೆ ಅದು ಕಟ್ಟಡದ ಒಂದು ಅಂಗವೇ ಆಯಿತು. ವಿಮಾನದ ಕಡೆಗೆ ಒಯ್ಯುವ ಫಲಕಗಳಿಗೆ ಅವನು ಹಳದಿ ಬಣ್ಣವನ್ನು ಆರಿಸಿದನು. ಹಳದಿಯ ಮೇಲಿನ ಕಪ್ಪು ಅಕ್ಷರ ದೂರಕ್ಕೆ ಎದ್ದು ಕಾಣುತ್ತದೆ. ನಮ್ಮ ರೈಲು ನಿಲ್ದಾಣಗಳ ಹೆಸರಿನ ಹಲಗೆಗಳನ್ನು ನೋಡಿದವರಿಗೆ ಇದು ಹೊಸ ಮಾತೇನಲ್ಲ. 1990ರ ದಶಕದಿಂದೀಚೆಗೆ ಪಾಲ್ ಮೈಕ್ಸೆನಾರ್ ಎಂಬ ಮತ್ತೊಬ್ಬ ಡಚ್ ವಿನ್ಯಾಸಕಾರ ಈ ಪದ್ಧತಿಯನ್ನು ಬೆಳೆಸಿದನು. ನ್ಯೂಯಾರ್ಕಿನ ನಿಲ್ದಾಣಗಳ ಫಲಕಗಳನ್ನೂ ಅವನು ತಿದ್ದಿ ರೂಪಿಸಿದನು.

ಇಂತಹ ಫಲಕಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೇಲ್ಮುಖವಾದ ಬಾಣ ಕಂಡರೆ ಮಹಡಿ ಹತ್ತಬೇಕೆಂದು ಹೊಸಬರು ತಿಳಿಯುವುದುಂಟು. ಸಾಮಾನ್ಯವಾಗಿ ಅದರ ಅರ್ಥ ನೇರವಾಗಿ ಮುಂದೆ ನಡೆ ಎಂದು. ಮೂತಿ ಮೇಲೆತ್ತಿದ ವಿಮಾನದ ಚಿತ್ರ ನಿರ್ಗಮನಕ್ಕೆ, ಮೂತಿ ತಗ್ಗಿಸಿದ್ದು ಆಗಮನಕ್ಕೆ. ಹತ್ತಬೇಕಾದ ಬಾಗಿಲು ಬಿ 24 ಎಂದಿದ್ದರೆ ಮೊದಲು ಹುಡುಕಬೇಕಾದದ್ದು 24 ಅಲ್ಲ, ಬಿ. ಅಕ್ಷರವು ಕಟ್ಟಡದಿಂದ ಹೊರಕ್ಕೆ ಚಾಚಿಕೊಂಡ ಒಂದು ಉದ್ದನೆಯ ಕೈಯನ್ನು ಸೂಚಿಸುತ್ತದೆ. ಸಂಖ್ಯೆ ಆ ಕೈಯಲ್ಲಿರುವ ಬಾಗಿಲನ್ನು. ಬೀದಿಯನ್ನು ಸೇರಿದ ಮೇಲೆ ತಾನೆ ಮನೆಯ ಸಂಖ್ಯೆಯನ್ನು ನೋಡುವುದು! ದಾರಿ ಕವಲೊಡೆಯುವ ಕಡೆಗಳಲ್ಲೆಲ್ಲ ಒಂದು ಫಲಕವಿರಬೇಕು, ಕವಲಿಲ್ಲದ ನೀಳ ಹಾದಿಯಲ್ಲಿಯೂ ನಡುನಡುವೆ ಒಂದೊಂದು ಕಾಣಿಸಿಕೊಳ್ಳಬೇಕು. ಎರಡನೆಯ ಬಗೆಯ ಫಲಕ ಹೊಸದೇನನ್ನೂ ಹೇಳುವುದಿಲ್ಲ. ಆದರೂ ಹತ್ತು ನಿಮಿಷ ನಡೆದು ಅನುಮಾನಗೊಂಡವನಿಗೆ, ಸರಿಯಾದ ದಾರಿಯಲ್ಲೇ ಇದ್ದೀಯೆ ಎಂದು ಧೈರ್ಯ ಹೇಳುವುದು ಅದೇ.

ಕಟ್ಟಡವೇ ಗೊಂದಲ ಹುಟ್ಟಿಸುವಂತಿದ್ದರೆ ಫಲಕಗಳ ಹೊಣೆ ಇನ್ನೂ ಹೆಚ್ಚುತ್ತದೆ. ಪ್ಯಾರಿಸಿನ ರುವಾಸಿಯಲ್ಲಿ 1974ರಲ್ಲಿ ತೆರೆದ ಮೊದಲ ಟರ್ಮಿನಲ್ ದುಂಡಗಿದೆ. ಪಾಲ್ ಆಂದ್ರ್ಯೂ ಎಂಬ ವಾಸ್ತುಶಿಲ್ಪಿಯ ಈ ಕೃತಿ ನೋಡುವುದಕ್ಕೆ ಸೊಗಸೇನೋ ಹೌದು. ಆದರೆ ದುಂಡಗಿನ ಮನೆಗೆ ಮೂಲೆಯಿಲ್ಲ. ಮೂಲೆಯಿಲ್ಲದ ಕಡೆ ದಿಕ್ಕಿನ ನೆನಪು ಉಳಿಯುವುದು ಕಷ್ಟ. ಅಲ್ಲಿಯ ಫಲಕಗಳಿಗಾಗಿ ಸ್ವಿಟ್ಜರ್ಲೆಂಡಿನ ಏಡ್ರಿಯನ್ ಫ್ರುಟಿಗರ್ ಹೊಸದೊಂದು ಅಕ್ಷರ ಮಾದರಿಯನ್ನೇ ಬರೆದನು. ದೂರದಿಂದ, ಓರೆಯಾಗಿ, ನಡೆಯುತ್ತ ನಡೆಯುತ್ತ ಓದಿದರೂ ಒಂದಕ್ಷರ ಇನ್ನೊಂದರಂತೆ ಕಾಣಬಾರದೆಂಬುದು ಅವನ ಗುರಿ. ಅವನ ಹೆಸರನ್ನೇ ಹೊತ್ತ ಆ ಅಕ್ಷರಗಳು ಮುಂದೆ ಪುಸ್ತಕಗಳಿಗೂ ಬಂದವು.

ಅಕ್ಷರ ಎಷ್ಟೇ ತಿಳಿಯಾಗಿದ್ದರೂ ಭಾಷೆ ಬಾರದವರಿಗೆ ಅದರಿಂದ ಏನು ಫಲ? ಅಮೆರಿಕದ ಸಾರಿಗೆ ಇಲಾಖೆಗೂ ಈ ಪ್ರಶ್ನೆ ಎದುರಾಯಿತು. ಆ ದೇಶದ ವಿನ್ಯಾಸಕಾರರ ಸಂಘವೊಂದರ ನೆರವಿನಿಂದ ಅದು ಲೋಕದ ವಿಮಾನ ನಿಲ್ದಾಣ, ರೈಲು ನಿಲ್ದಾಣ ಮತ್ತು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಬಳಕೆಯಲ್ಲಿದ್ದ ಚಿತ್ರಸಂಕೇತಗಳನ್ನು ಕಲೆಹಾಕಿ ತೂಗಿನೋಡಿತು. ರೋಜರ್ ಕುಕ್ ಮತ್ತು ಡಾನ್ ಶನೋಸ್ಕಿ ಎಂಬಿಬ್ಬರು ಬರೆದ 34 ಚಿತ್ರಗಳು 1974ರಲ್ಲಿ ಹೊರಬಂದವು. 1979ರಲ್ಲಿ ಇನ್ನೂ 16 ಸೇರಿದವು. ದುಂಡುತಲೆಯ ಗಂಡಸು, ಹೆಂಗಸು, ಪೆಟ್ಟಿಗೆ, ದೂರವಾಣಿ — ಇವು ಯಾವ ಭಾಷೆಗೂ ಸೇರಿದವಲ್ಲ. ಇವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟದ್ದು ದೊಡ್ಡ ಉಪಕಾರ. ಆದರೂ ಚಿತ್ರಕ್ಕೊಂದು ಮಿತಿಯುಂಟು. ಶೌಚಾಲಯವನ್ನು ಬರೆದು ತೋರಿಸಬಹುದು. ವಿಮಾನ ಬದಲಿಸುವವರು ಇತ್ತ ಬನ್ನಿ ಎಂಬುದನ್ನು ಚಿತ್ರದಲ್ಲಿ ಹೇಳುವುದು ಸುಲಭವಲ್ಲ.

ಮಂಡ್ಯದ ತಾಯಿಗೆ ಸ್ಕಿಪೋಲಿನಲ್ಲಿ ಎದುರಾಗುವ ಕಷ್ಟ ಇದೇ. ಇಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಷೆಂಗೆನ್ ಒಪ್ಪಂದಕ್ಕೆ ಸೇರಿದ ದೇಶಗಳು ತಮ್ಮೊಳಗಿನ ಗಡಿಗಳಲ್ಲಿ ಪಾಸ್‌ಪೋರ್ಟಿನ ವಾಡಿಕೆಯ ತಪಾಸಣೆಯನ್ನು ಬಿಟ್ಟಿವೆ. ನೆದರ್ಲೆಂಡ್ಸ್ ಮತ್ತು ಜರ್ಮನಿ ಎರಡೂ ಆ ಒಪ್ಪಂದದಲ್ಲಿವೆ. ಆದ್ದರಿಂದ ಹ್ಯಾಂಬರ್ಗಿಗೆ ಹೋಗುವವಳನ್ನು ವಲಸೆ ಅಧಿಕಾರಿ ವಿಚಾರಿಸುವುದು ಆಂಸ್ಟರ್‌ಡ್ಯಾಮಿನಲ್ಲಿಯೇ. ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನಕ್ಕೆ ಎಂಬ ಪ್ರಶ್ನೆಗಳು ಬರುತ್ತವೆ. ಮಗಳ ವಿಳಾಸವೂ ಹಿಂದಿರುಗುವ ಟಿಕೆಟ್ಟೂ ಕೈಚೀಲದಲ್ಲಿರಬೇಕು, ಒಪ್ಪಿಸಿಬಿಟ್ಟ ಪೆಟ್ಟಿಗೆಯಲ್ಲಲ್ಲ. ಇದು ತಿಳಿಯದವರು ಪಾಸ್‌ಪೋರ್ಟಿನ ಸಾಲನ್ನು ಕಂಡು, ನಿಲ್ದಾಣದಿಂದ ಹೊರಹೋಗುವ ದಾರಿಗೆ ತಪ್ಪಿ ಬಂದೆವೆಂದು ಹಿಂದಿರುಗುವುದುಂಟು. ದಾರಿ ಅದೇ. ಮುದ್ರೆಯೊತ್ತಿದರೂ, ಯಂತ್ರದಲ್ಲಿ ದಾಖಲಿಸಿದರೂ, ಆ ಕಿಟಕಿಯನ್ನು ದಾಟಿದ ಮೇಲೆಯೇ ಬಿ ಎಂಬ ಅಕ್ಷರದ ಕಡೆಗೆ ನಡೆಯಬೇಕು.

ಮಗಳು ಅಂಚೆಕಾರ್ಡಿನಷ್ಟು ಅಗಲದ ಒಂದು ರಟ್ಟಿನ ಮೇಲೆ ನಾಲ್ಕು ಚಿತ್ರಗಳನ್ನು ಬರೆದು ಮೊದಲೇ ಕಳುಹಿಸಿದ್ದರೆ ಎಷ್ಟೋ ನೆಮ್ಮದಿ. ಪಾಸ್‌ಪೋರ್ಟ್, ವಿಮಾನ, ಪೆಟ್ಟಿಗೆ, ಹೊರಬಾಗಿಲು — ಪ್ರತಿಯೊಂದರ ಪಕ್ಕದಲ್ಲಿ ಫಲಕದಲ್ಲಿ ಕಾಣುವ ಇಂಗ್ಲಿಷ್ ಪದ, ಅದರ ಕೆಳಗೆ ಕನ್ನಡದಲ್ಲಿ ಅದರ ಅರ್ಥ. ಬಾಗಿಲಿನ ಸಂಖ್ಯೆಯನ್ನು ಮಾತ್ರ ಬರೆಯದೆ ಬಿಡುವುದು ಲೇಸು. ಅದು ಕೊನೆಯ ಗಳಿಗೆಯಲ್ಲಿ ಬದಲಾಗಬಹುದು. ತೂಗುಹಾಕಿದ ತೆರೆಗಳಲ್ಲಿ ವಿಮಾನದ ಸಂಖ್ಯೆಯನ್ನು ಹುಡುಕಿ, ಆ ಸಾಲಿನಲ್ಲೇ ಬಾಗಿಲನ್ನು ನೋಡಿಕೊಳ್ಳಬೇಕು.

ಹ್ಯಾಂಬರ್ಗಿನಲ್ಲಿ ಇಳಿದವಳಿಗೆ ಪೆಟ್ಟಿಗೆಯ ಚಿತ್ರವೊಂದೇ ಸಾಕು. ಅದನ್ನು ಹಿಂಬಾಲಿಸಿದರೆ ಸುತ್ತುತ್ತಿರುವ ಪಟ್ಟಿಯ ಮುಂದೆ ನಿಲ್ಲುತ್ತಾಳೆ. ಒಂದೇ ಬಣ್ಣದ ಪೆಟ್ಟಿಗೆಗಳು ಹಲವು ಬರುತ್ತವೆ. ಹಿಡಿಗೆ ಕಟ್ಟಿದ ಹಳೆಯ ಸೀರೆಯ ಅಂಚು ತನ್ನದನ್ನು ತೋರಿಸಿಕೊಡುತ್ತದೆ. ಮುಂದೆ ಸುಂಕದವರ ಎರಡು ದಾರಿಗಳು: ಸುಂಕದವರಿಗೆ ತಿಳಿಸಬೇಕಾದ ವಸ್ತುವಿದ್ದವರಿಗೆ ಕೆಂಪು, ಇಲ್ಲದವರಿಗೆ ಹಸುರು. ಬಾಣಂತಿಗೆಂದು ತಂದ ಒಣಶುಂಠಿ, ಮೆಂತ್ಯದ ಪುಡಿಗಳು ಪೆಟ್ಟಿಗೆಯಲ್ಲಿವೆ. ತುಪ್ಪವನ್ನು ತರಕೂಡದೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ಹಸುರು ದಾರಿಯ ಕೊನೆಯಲ್ಲಿ ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಅದರಾಚೆ ಕಾದು ನಿಂತವರ ಸಾಲಿನಲ್ಲಿ ಅಳಿಯ ಕೈಯೆತ್ತಿ ನಿಂತಿದ್ದಾನೆ.