ಕೈತೋಟದ ಹುಳುಗಳೂ ಮನೆಯ ಮದ್ದುಗಳೂ



ಕಳೆದ ಮಳೆಗಾಲದ ಕೊನೆಯಲ್ಲಿ ಉಚ್ಚಿಲದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಒಂದು ಕಾಗದವನ್ನು ಬರೆದಳು. ಅವಳು ಹಿತ್ತಲಲ್ಲಿ ಬೆಳೆಸಿದ ಅಲಸಂಡೆಯ ಕುಡಿಗಳಿಗೆಲ್ಲಾ ಕಪ್ಪು ಹೇನು ಮುತ್ತಿತ್ತು. ನೆರೆಯವರೊಬ್ಬರು ಬಾಟಲಿಯಲ್ಲಿದ್ದ ಮದ್ದನ್ನು ಕೊಟ್ಟರು. ಸಿಂಪಡಿಸಿದ ಮರುದಿನವೇ ಹೇನುಗಳೆಲ್ಲಾ ಉದುರಿದವು. "ಟೀಚರೇ, ಇನ್ನು ಆ ಅಲಸಂಡೆಯನ್ನು ನನ್ನ ಎರಡು ವರ್ಷದ ಮಗುವಿಗೆ ಬೇಯಿಸಿ ಕೊಡಬಹುದೋ?" ಎಂಬದೇ ಅವಳ ಪ್ರಶ್ನೆ. ಬಾಟಲಿಯ ಚೀಟಿಯು ಹರಿದು ಹೋಗಿದ್ದರಿಂದ ಅದರೊಳಗೆ ಏನಿತ್ತೆಂಬದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಆದಕಾರಣ "ಕೊಡಬೇಡ" ಎಂದೇ ಬರೆಯಬೇಕಾಯಿತು. ತಾನೇ ನೀರೆರೆದು ಬೆಳೆಸಿದ್ದನ್ನು ತನ್ನ ಮಗುವಿಗೆ ಉಣಿಸಲಾರದ ತಾಯಿಯ ಸಂಕಟವೇ ಈ ಪಾಠಕ್ಕೆ ಕಾರಣವಾಯಿತು.

ಇದು ಅತಿಯಾದ ಭಯವೆಂದು ಯಾರೂ ನೆನಸಬಾರದು. ನಮ್ಮ ನೆರೆಯ ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ನೆಯ ಇಸವಿಯ ತನಕ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದ ಹಳ್ಳಿಗಳಲ್ಲಿ ಅಂಗವಿಕಲರೂ ಬುದ್ಧಿ ಬೆಳೆಯದವರೂ ಆದ ಮಕ್ಕಳು ಹೆಚ್ಚಾಗಿ ಹುಟ್ಟುವದನ್ನು ಆ ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರರು ಗಮನಿಸಿದರು. ಪತ್ರಿಕೋದ್ಯೋಗಿಗಳಾದ ಶ್ರೀ ಪಡ್ರೆಯವರು ಅದನ್ನು ಲೋಕಕ್ಕೆ ಬರೆದು ತಿಳಿಸಿದರು. ನಮ್ಮ ಕಡೆಯ ಕೊಕ್ಕಡದಲ್ಲಿಯೂ ಇದೇ ಕಷ್ಟವು ಬಂತು. 2011ನೆಯ ಇಸವಿ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲಾ ತಡೆಯಿತು. ದೊಡ್ಡ ತೋಟದಲ್ಲಿ ನಡೆದದ್ದೂ ಚಿಕ್ಕ ಹಿತ್ತಲಲ್ಲಿ ನಡೆಯುವದೂ ಒಂದೇ ಅಳತೆಯವಲ್ಲ. ಆದರೂ ತಿಳಿಯದ್ದನ್ನು ಸಿಂಪಡಿಸಬಾರದೆಂಬ ಬುದ್ಧಿಯು ಎರಡಕ್ಕೂ ಒಂದೇ.

ಮೊದಲು ಮಾಡತಕ್ಕದ್ದು. ಮದ್ದನ್ನು ಹುಡುಕುವದಕ್ಕೆ ಮುಂಚೆ ಎಲೆಯನ್ನು ತಿರುವಿ ನೋಡಬೇಕು. ಹೇನು, ಹಿಟ್ಟುತಿಗಣೆ, ಬಿಳಿನೊಣ ಇವು ರಸ ಹೀರುವ ಜಾತಿಯವು. ಕಂಬಳಿಹುಳುಗಳೂ ಜೀರುಂಡೆಗಳೂ ಎಲೆಯನ್ನು ಕಡಿದು ತಿನ್ನುವವು. ಬದನೆಯ ಕೊರಕ ಹುಳವು ಕಾಯಿಯ ಒಳಗೇ ಅಡಗುವದು. ಎಲೆಯ ಮೇಲಿನ ಚುಕ್ಕೆಯೂ ಕೊಳೆಯೂ ಅನೇಕ ಸಾರಿ ಹುಳುವಿನದಲ್ಲ, ಬೂಷ್ಟಿನದು. ಅಡಿಕೆಯ ಕೊಳೆರೋಗವು ಅಂಥಾದ್ದು; ಅದಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೇಕೇ ಹೊರತು ಹುಳುವಿನ ಮದ್ದಿನಿಂದ ಫಲವಿಲ್ಲ. ಇನ್ನೊಂದು ಮಾತು. ಕೆಂಪು ಬೆನ್ನಿನ ಮೇಲೆ ಕಪ್ಪು ಬೊಟ್ಟುಗಳಿರುವ ಗುಲಗಂಜಿ ಹುಳುವನ್ನು ಕಂಡರೆ ಕೊಲ್ಲಬಾರದು. ಅದೂ ಅದರ ಮರಿಯೂ ಹೇನುಗಳನ್ನು ತಿಂದು ಬದುಕುವವು. ಇರುವೆಗಳೋ ಹೇನಿನ ಸಿಹಿರಸಕ್ಕಾಗಿ ಅವುಗಳನ್ನು ಕಾಯುವವು. ಆದದರಿಂದ ಕುಡಿಯ ಕಡೆಗೆ ಇರುವೆಯ ಸಾಲು ಏರುವದನ್ನು ಕಂಡಾಗಲೇ ಎಚ್ಚರವಾಗಬೇಕು.

ಮನೆಯಲ್ಲಿ ಮಾಡಬಹುದಾದ ಮದ್ದುಗಳು.

1. ಸಾಬೂನಿನ ನೀರು. ಒಂದು ಲೀಟರು ನೀರಿಗೆ 5 ಗ್ರಾಂ ಸಾದಾ ಬಾರ್ ಸಾಬೂನನ್ನು ತುರಿದು ಕರಗಿಸಬೇಕು. ಬಟ್ಟೆ ಒಗೆಯುವ ಪುಡಿಯು ಕೂಡದು. ಅದು ಎಲೆಯನ್ನು ಸುಡುವದು. ಸಾಬೂನು ಹೇನಿನ ಮೈಮೇಲಿನ ಮೇಣವನ್ನು ಕರಗಿಸಿ ಉಸಿರಿನ ರಂಧ್ರಗಳನ್ನು ಮುಚ್ಚುವದು. ಒಣಗಿದ ಮೇಲೆ ಅದಕ್ಕೆ ಬಲವಿಲ್ಲ. ಹುಳುವಿನ ಮೈಗೆ ತಗಲಿದರೆ ಮಾತ್ರ ಕೆಲಸ ಮಾಡುವದು. ಆದದರಿಂದ ಎಲೆಯ ಅಡಿಭಾಗಕ್ಕೆ ಚೆನ್ನಾಗಿ ಹೊಡೆಯಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ಎರಡು ಮೂರು ಸಾರಿ ಹಾಗೆ ಮಾಡಬೇಕು.

2. ಬೇವಿನ ಬೀಜದ ಕಷಾಯ. ಒಣಗಿದ ಬೇವಿನ ಬೀಜದ 50 ಗ್ರಾಂ ತಿರುಳನ್ನು ಜಜ್ಜಿ ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲಾ ನೆನೆಯಿಸಿ, ಮರುದಿನ ಹಳೆಯ ಬಟ್ಟೆಯಲ್ಲಿ ಸೋಸಿ, ಎಲೆಗೆ ಹಿಡಿಯುವಂತೆ ಸ್ವಲ್ಪ ಸಾಬೂನನ್ನು ಬೆರಸಬೇಕು. ಕುದಿಸಬಾರದು, ಆ ದಿನದ್ದನ್ನು ಆ ದಿನವೇ ಮುಗಿಸಬೇಕು. ಇದು ಕೂಡಲೇ ಕೊಲ್ಲುವ ಮದ್ದಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವು ಹುಳುವಿಗೆ ತಿನ್ನುವ ಆಸೆಯನ್ನು ಕೆಡಿಸಿ, ಪೊರೆ ಕಳಚಿ ಬೆಳೆಯುವದನ್ನು ತಡೆಯುವದು. ಮೂರು ದಿನ ಕಾಯದೆ "ಫಲವಿಲ್ಲ" ಎನ್ನಬಾರದು. 1959ನೆಯ ಇಸವಿಯಲ್ಲಿ ಸುಡಾನ್ ದೇಶದ ಮೇಲೆ ಮಿಡತೆಗಳ ದಂಡು ಬಿದ್ದಾಗ, ಬೇವಿನ ಮರಗಳು ಮಾತ್ರ ಹಸುರಾಗಿ ನಿಂತದ್ದನ್ನು ಜರ್ಮನ್ ಶಾಸ್ತ್ರಜ್ಞರಾದ ಹೈನ್ರಿಶ್ ಶ್ಮುಟರರ್ ಕಂಡು ಶೋಧನೆಗೆ ತೊಡಗಿದರು. ಮಳೆ ಹೆಚ್ಚಾದ ನಮ್ಮ ಕರಾವಳಿಯಲ್ಲಿ ಬೇವು ಚೆನ್ನಾಗಿ ಬಾರದು. ಘಟ್ಟದ ಮೇಲೆ ನೆಂಟರಿದ್ದವರು ಬೀಜವನ್ನು ತರಿಸಿಕೊಳ್ಳಬಹುದು. ಸಿಕ್ಕದಿದ್ದರೆ ಒಂದು ಲೀಟರು ಸಾಬೂನಿನ ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಬೆರಸಿ, ಆಗಾಗ್ಗೆ ಕುಲುಕುತ್ತಾ ಹೊಡೆಯಬಹುದು.

3. ಒಲೆಯ ಬೂದಿ. ಬಚ್ಚಲೊಲೆಯ ಕಟ್ಟಿಗೆಯ ಬೂದಿಯನ್ನು ಜರಡಿಯಲ್ಲಿ ಜಾಲಿಸಿ, ಮುಂಜಾನೆ ಎಲೆಯ ಮೇಲೆ ಇಬ್ಬನಿ ಇರುವಾಗ ಸೌತೆ, ಹೀರೆ, ಹರಿವೆಗಳ ಮೇಲೆ ತೆಳ್ಳಗೆ ಚಿಮುಕಿಸಬೇಕು. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಮುಟ್ಟಲೂ ಬಾರದು. ಮಳೆ ಬಂದರೆ ಇದು ತೊಳೆದು ಹೋಗುವದರಿಂದ ಬೇಸಿಗೆಯ ತೋಟಕ್ಕೆ ಮಾತ್ರ ಯೋಗ್ಯ.

ಯಾವ ಮದ್ದನ್ನಾದರೂ ಮೊದಲು ಒಂದೆರಡು ಎಲೆಗಳಿಗೆ ಹೊಡೆದು ಒಂದು ದಿನ ನೋಡಬೇಕು. ಸಾಯಂಕಾಲವೇ ತಕ್ಕ ಹೊತ್ತು. ಬಿಸಿಲಿನಲ್ಲಿ ಎಲೆ ಸುಡುವದು, ಹಗಲಿನಲ್ಲಿ ಜೇನುಹುಳುಗಳು ಹೂವಿನ ಮೇಲಿರುವವು. ನಾವೇ ಒಮ್ಮೆ ಅವಸರದಿಂದ ನಡು ಮಧ್ಯಾಹ್ನದಲ್ಲಿ ದಪ್ಪ ಸಾಬೂನು ನೀರನ್ನು ಹೊಡೆಯಿಸಿ, ಶಾಲೆಯ ಬೆಂಡೆಯ ಒಂದು ಸಾಲನ್ನೇ ಕಳಕೊಂಡೆವು.

ಒಂದು ತಪ್ಪೊಪ್ಪಿಗೆ. ಬೆಂಡೆ ಹೋದದ್ದು ಸಣ್ಣ ನಷ್ಟ. ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೇವೆ. ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರುಷಗಳಲ್ಲಿ, "ಗಿಡದಿಂದ ಬಂದದ್ದಲ್ಲವೇ" ಎಂಬ ಧೈರ್ಯದಿಂದ ಹುಡುಗಿಯರ ಕೈಯಿಂದ ಹೊಗೆಸೊಪ್ಪಿನ ಕಷಾಯವನ್ನು ಹಿಂಡಿಸಿದೆವು. ಸ್ವಲ್ಪ ಹೊತ್ತಿನಲ್ಲಿಯೇ ಇಬ್ಬರಿಗೆ ತಲೆ ತಿರುಗಿ ವಾಂತಿಯಾಯಿತು. ಹೊಗೆಸೊಪ್ಪಿನ ನಿಕೊಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಸೇರುವ ವಿಷವೆಂಬದನ್ನು ನಾವು ಆಗ ಪುಸ್ತಕದಲ್ಲಿ ಓದಿದ್ದರೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಹುಡುಗಿಯರು ಸಂಜೆಯೊಳಗೆ ಚೇತರಿಸಿಕೊಂಡರು. ಆದರೆ ಆ ದಿನ ಅವರ ತಾಯಂದಿರ ಮುಂದೆ ನಿಂತದ್ದನ್ನು ನಾವು ಮರೆತಿಲ್ಲ. ಮೇಲಾಗಿ ಹೊಗೆಸೊಪ್ಪಿನಿಂದ ಮೆಣಸು, ಟೊಮೇಟೊ ಗಿಡಗಳಿಗೆ ಮೊಸಾಯಿಕ್ ರೋಗವೂ ಅಂಟಬಹುದು. ನಮ್ಮ ಗುಡ್ಡಗಳಲ್ಲಿರುವ ಕಾಸರಕದ ಬೀಜವೂ ಗಿಡದ್ದೇ. ಅದರಲ್ಲಿರುವ ಸ್ಟ್ರಿಕ್ನಿನ್ ಮನುಷ್ಯನ ಪ್ರಾಣವನ್ನು ತೆಗೆಯಬಲ್ಲದು. ಆದದರಿಂದ ಪ್ರಕೃತಿಯಿಂದ ಬಂದದ್ದೆಲ್ಲಾ ನಿರಪಾಯವೆಂಬ ಮಾತನ್ನು ನಂಬಬೇಡಿರಿ. ಮನೆಯ ಮದ್ದಿಗೂ ಬೇರೆ ಪಾತ್ರೆ, ಹೆಸರು ಬರೆದ ಚೀಟಿ, ಮಕ್ಕಳಿಗೆ ಎಟಕದ ಜಾಗ, ಆಮೇಲೆ ಕೈ ತೊಳೆಯುವದು ಇವೆಲ್ಲಾ ಬೇಕು.

ನಮ್ಮೂರಿನ ಎರಡು ಬೆಳೆಗಳು. ಕಟಪಾಡಿಯ ಹತ್ತಿರದ ಮಟ್ಟಿನ ಗುಳ್ಳವನ್ನು ಅರಿಯದವರು ನಮ್ಮಲ್ಲಿ ಯಾರು? ಶ್ರೀ ವಾದಿರಾಜ ಸ್ವಾಮಿಗಳು ಅದರ ಬೀಜವನ್ನು ಕೊಟ್ಟರೆಂದು ಪ್ರತೀತಿ. ಅದರ ಶತ್ರು ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳ. 2010ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ತಡೆದಿಟ್ಟ ಬಿಟಿ ಬದನೆಯನ್ನು ಸಿದ್ಧಪಡಿಸಿದ್ದು ಇದೇ ಹುಳುವಿಗಾಗಿ. ಅದು ಒಳಹೊಕ್ಕ ಮೇಲೆ ಮೇಲಿನಿಂದ ಹೊಡೆದ ಮದ್ದು ಅದನ್ನು ಮುಟ್ಟುವದು ಕಷ್ಟ. ಬಾಡಿದ ಕುಡಿಯನ್ನೂ ತೂತಾದ ಕಾಯಿಯನ್ನೂ ವಾರಕ್ಕೊಮ್ಮೆ ಕಿತ್ತು ಸುಟ್ಟು, ಮೊಟ್ಟೆ ಇಡುವ ಕಾಲದಲ್ಲಿ ಬೇವಿನ ಕಷಾಯವನ್ನು ಹೊಡೆಯುವದೇ ಹಿತ್ತಲಿಗೆ ಸಾಕಾದ ಉಪಾಯ.

ಶಂಕರಪುರದ ಮಲ್ಲಿಗೆಯ ಸಂಗತಿಯು ಇನ್ನೂ ಸೂಕ್ಷ್ಮವಾದದ್ದು. ನಮ್ಮ ಅನೇಕ ಹುಡುಗಿಯರ ಶಾಲೆಯ ಖರ್ಚು ತಾಯಂದಿರು ಕಟ್ಟಿದ ಮಲ್ಲಿಗೆಯ ಚೆಂಡುಗಳಿಂದಲೇ ನಡೆದಿದೆ. ಪೇಟೆಯ ಮದ್ದನ್ನು ಹೊಡೆದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂದು ಚೀಟಿಯಲ್ಲಿ ಬರೆದಿರುವದು; ಮಲ್ಲಿಗೆಯನ್ನೋ ದಿನಾಲೂ ಬೆಳಿಗ್ಗೆ ಕೊಯ್ಯಬೇಕು. ಕೊಯ್ಯುವ ಬೆರಳೂ ಕಟ್ಟುವ ಬೆರಳೂ ಮುಡಿಯುವ ತಲೆಯೂ ಹೆಂಗಸರದೇ. ಮೊಗ್ಗು ಕೊರೆಯುವ ಹುಳ ಕಂಡಕೂಡಲೇ ಬಣ್ಣ ಕೆಟ್ಟ ಮೊಗ್ಗುಗಳನ್ನು ಆರಿಸಿ ನಾಶಮಾಡಿ, ಬೇವನ್ನು ಬಳಸುವದೇ ಮೊದಲ ಕ್ರಮವಾಗಲಿ. ಅದರಿಂದ ತಡೆಯದಷ್ಟು ಉಪದ್ರವವಾದರೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ ನಡೆಯಬೇಕೇ ಹೊರತು ಚೀಟಿಯಿಲ್ಲದ ಬಾಟಲಿಯನ್ನು ತೆರೆಯಬಾರದು.

ಉಚ್ಚಿಲದ ಆ ತಾಯಿಯು ಹಳೆಯ ಬಳ್ಳಿಗಳನ್ನು ಕಿತ್ತು ಪುನಃ ಬೀಜ ಬಿತ್ತಿದಳು. ಹೇನು ಮತ್ತೆ ಬಂತು; ಸಾಬೂನಿನ ನೀರಿನಿಂದ ಪೂರ್ತಿಯಾಗಿ ಹೋಗಲಿಲ್ಲ, ಕಡಿಮೆಯಾಯಿತು. ಅರ್ಧ ಬೆಳೆಯಾದರೂ ಮಗುವಿಗೆ ನಿಶ್ಚಿಂತೆಯಿಂದ ಉಣಿಸಿದ್ದೇನೆಂದು ಬರೆದಿದ್ದಾಳೆ.

ಮನೆಯಲ್ಲಿ ಮಾಡಿ ನೋಡತಕ್ಕವುಗಳು. (1) ನಿಮ್ಮ ಹಿತ್ತಲಿನ ಹತ್ತು ಎಲೆಗಳನ್ನು ತಿರುವಿ, ಕಂಡ ಹುಳುಗಳನ್ನು ಹೀರುವವು, ಕಡಿಯುವವು, ಉಪಕಾರಿಗಳು ಎಂದು ಮೂರು ಪಾಲು ಮಾಡಿರಿ. (2) ಮನೆಯಲ್ಲಿ ಚೀಟಿಯಿಲ್ಲದ ಮದ್ದಿನ ಬಾಟಲಿಗಳು ಎಷ್ಟಿವೆ ಎಂದು ಎಣಿಸಿ, ಮಕ್ಕಳಿಂದ ದೂರವಿಡಿರಿ. ಬರಿದಾದ ಬಾಟಲಿಯಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ತುಂಬಬೇಡಿರಿ. (3) ಸಾಬೂನಿನ ನೀರನ್ನು ಒಂದು ಗಿಡಕ್ಕೆ ಹೊಡೆದು ಮತ್ತೊಂದನ್ನು ಹಾಗೆಯೇ ಬಿಟ್ಟು, ಒಂದು ವಾರದ ಮೇಲೆ ಎರಡನ್ನೂ ಹೋಲಿಸಿರಿ. ಕಂಡದ್ದನ್ನು ನಮಗೆ ಬರೆದು ತಿಳಿಸಿದರೆ ಈಗಿನ ಹುಡುಗಿಯರ ಪಾಠಕ್ಕೆ ಉಪಯೋಗವಾಗುವದು.