ಕಮಿಷನ್ ಮೇಲೆ ಮಾರುವವರು ನಮ್ಮಲ್ಲಿ ಏನನ್ನು ನೋಡುತ್ತಾರೆ?



ಸಂಘದ ಕಾಫಿಪುಡಿಯನ್ನು ಹೊರಜಿಲ್ಲೆಗಳಲ್ಲಿ ಮಾರಲು ಕಮಿಷನ್ ಏಜೆಂಟರನ್ನು ಗೊತ್ತುಮಾಡಬೇಕೆಂದು ಠರಾವು ಆಗಿ ಎರಡು ವರ್ಷ ಕಳೆದರೂ ಏಜೆಂಟರು ಏಕೆ ನಿಲ್ಲುತ್ತಿಲ್ಲ ಎಂದು ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಕೇಳಿದ್ದರು. ಕಮಿಷನ್ ಸಾಲದು, ಶೇ. 8 ಇದ್ದುದನ್ನು 12 ಮಾಡಿ ಎಂಬ ಸಲಹೆಯೂ ಅಲ್ಲಿಯೇ ಬಂತು. ಆ ದಿನ ನಮ್ಮ ಬಳಿ ತಕ್ಕ ಉತ್ತರ ಇರಲಿಲ್ಲ. ಈಗ ಒಂದಿಷ್ಟು ಇದೆ. ಅದನ್ನು ಕೊಟ್ಟವರು ಕಣಗಲಾ ಗ್ರಾಮದ ಒಬ್ಬ ಕಿರಾಣಿ ವರ್ತಕರು.

ಕಣಗಲಾ ಹುಕ್ಕೇರಿ ತಾಲ್ಲೂಕಿನ ಊರು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಹೋಗುವಾಗ ಸಿಗುತ್ತದೆ. ಸುತ್ತೆಲ್ಲ ಕಬ್ಬು ಮತ್ತು ತಂಬಾಕಿನ ಸೀಮೆ. ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ, ಕುಡಿಯುವುದು ಮಾತ್ರ ಚಹಾ. ಇಲ್ಲಿ ಕಾಫಿ ಮಾರಿದರೆ ಎಲ್ಲಿಯೂ ಮಾರಬಹುದೆಂಬ ಹುಮ್ಮಸ್ಸಿನಲ್ಲಿ ನಾವು ಮಾದರಿ ಪೊಟ್ಟಣಗಳನ್ನು ಹಿಡಿದು ಹೋಗಿದ್ದೆವು. ನಮ್ಮ ವಿವರಣೆಯನ್ನೆಲ್ಲ ಕೇಳಿದ ಮೇಲೆ ಆ ವರ್ತಕರು ಹೇಳಿದ್ದು ಇಷ್ಟು: "ಕಮಿಷನ್ ಎಷ್ಟು ಅನ್ನೂದು ಆಮ್ಯಾಲ ಹೇಳ್ರಿ ಸಾಹೇಬ್ರ. ರೊಕ್ಕ ಯಾವ ತಾರೀಖಿಗೆ ಕೊಡ್ತೀರಿ? ಮಾಲು ಉಳದ್ರ ಹೊಳ್ಳಿ ಒಯ್ತೀರೇನು? ನಾ ಹಚ್ಚಿಕೊಟ್ಟ ಗಿರಾಕಿ ನಾಳೆ ನಿಮಗ ಸೀದಾ ಫೋನ್ ಮಾಡಿದ್ರ ನನ್ನ ಪಾಲೇನು?"

ಮೂರು ಪ್ರಶ್ನೆ. ಮೂರಕ್ಕೂ ನಮ್ಮ ಕರಾರು ಪತ್ರದಲ್ಲಿ ಉತ್ತರ ಇರಲಿಲ್ಲ.

ಮೊದಲಿಗೆ, ಆ ಊರಿಗೇ ಸಂಬಂಧಪಟ್ಟ ಒಂದು ವಿಷಯವನ್ನು ಹೇಳಬೇಕು. ಕಣಗಲಾದಲ್ಲಿ, ಹಿಂದೆ ಹಿಂದೂಸ್ತಾನ್ ಲ್ಯಾಟೆಕ್ಸ್ ಎಂಬ ಹೆಸರಿದ್ದ ಕೇಂದ್ರ ಸರ್ಕಾರದ ಸಂಸ್ಥೆಯ ಕಾರ್ಖಾನೆ ಇದೆ. ಕುಟುಂಬ ಯೋಜನೆಯ ನಿರೋಧ್ ತಯಾರಿಸಿ ಹೆಸರಾದ ಸಂಸ್ಥೆ ಅದು. 1968ರಲ್ಲಿ, ಈ ಕಾರ್ಖಾನೆ ಇನ್ನೂ ಇಲ್ಲದಾಗ, ಸರ್ಕಾರ ನಿರೋಧ್ ಮಾರಾಟವನ್ನು ದೇಶವ್ಯಾಪಿ ಆರಂಭಿಸಿತು. ಮೂರರ ಪೊಟ್ಟಣಕ್ಕೆ 15 ಪೈಸೆ. ಅದಕ್ಕಾಗಿ ಸರ್ಕಾರ ಹೊಸ ಅಂಗಡಿಗಳನ್ನು ತೆರೆಯಲು ಹೋಗಲಿಲ್ಲ. ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲೀವರ್ ಮೊದಲಾದ ಆರು ಕಂಪನಿಗಳ ವಿತರಣಾ ಜಾಲವನ್ನು ಹಿಡಿಯಿತು. ಚಹಾಪುಡಿ, ಸಾಬೂನು ತರುವ ಆಸಾಮಿಯೇ ಇದನ್ನೂ ತಂದುಕೊಟ್ಟರೆ ಅಂಗಡಿಕಾರನಿಗೆ ಹೊಸ ಖಾತೆ, ಹೊಸ ಓಡಾಟ ಎರಡೂ ತಪ್ಪುತ್ತವೆ. ಇದನ್ನು ಬರೆಯಲು ಕಾರಣವುಂಟು. ನಾವು ನಮ್ಮ ಏಜೆಂಟರಿಗೆ ನಾಲ್ಕು ನಮೂನೆಯ ಫಾರಂ ತುಂಬಿಸಿ, ಮಾಲನ್ನು ಬಸ್ ಪಾರ್ಸೆಲ್ಲಿನಿಂದ ಅವರೇ ಬಿಡಿಸಿಕೊಳ್ಳಲಿ ಎಂದಿದ್ದೆವು. ಒಂದು ಪೊಟ್ಟಣ ಮಾರಿ ಹದಿನಾರು ರೂಪಾಯಿ ಗಳಿಸುವವನು ಅರ್ಧ ದಿನ ಬಸ್ ನಿಲ್ದಾಣದಲ್ಲಿ ಕಳೆಯುತ್ತಾನೆಯೇ?

ಇನ್ನು ವರ್ತಕರ ಮೂರನೆಯ ಪ್ರಶ್ನೆ, ಗಿರಾಕಿ ಯಾರವನು ಎಂಬುದು. ಇದರಲ್ಲಿ ನಮ್ಮ ಸಂಘದ ತಪ್ಪನ್ನೇ ಒಪ್ಪಿಕೊಳ್ಳಬೇಕಾಗಿದೆ. ಬೇರೊಂದು ಪಟ್ಟಣದಲ್ಲಿ ನಮಗೊಬ್ಬ ಏಜೆಂಟರಿದ್ದರು. ಒಂದು ದೊಡ್ಡ ಖಾನಾವಳಿಗೆ ಆರೇಳು ಸಲ ನಡೆದು, ತಾವೇ ಕಾಫಿ ಕಾಸಿ ಕುಡಿಸಿ, ನಮ್ಮ ಪುಡಿಯನ್ನು ಒಪ್ಪಿಸಿದರು. ಪೊಟ್ಟಣದ ಮೇಲೆ ಸಂಘದ ಫೋನ್ ನಂಬರು ಇತ್ತು. ಮೂರನೆಯ ತಿಂಗಳಿಗೆ ಖಾನಾವಳಿಯವರು ನೇರವಾಗಿ ನಮಗೇ ಫೋನ್ ಮಾಡಿದರು; ನಾವು ಸಂತೋಷದಿಂದ ಮಾಲು ಕಳಿಸಿದೆವು. ಏಜೆಂಟರಿಗೆ ಕಮಿಷನ್ ಉಳಿಯಿತೆಂದು ಆ ವರ್ಷದ ಲೆಕ್ಕದಲ್ಲಿ ಹೆಮ್ಮೆಯಿಂದ ತೋರಿಸಿದ್ದೂ ಉಂಟು. ಅವರು ಜಗಳವಾಡಲಿಲ್ಲ. ಮುಂದಿನ ತಿಂಗಳಿಂದ ಬೇರೆಯವರ ಪುಡಿಯನ್ನು ಮಾರತೊಡಗಿದರು, ಸ್ವಲ್ಪ ದಿನದಲ್ಲಿ ಆ ಖಾನಾವಳಿಯೂ ಅವರ ಹಿಂದೆಯೇ ಹೋಯಿತು.

ಈಗಿನ ಫೋನಿನ ವ್ಯಾಪಾರದಲ್ಲಿಯೂ ತಕರಾರು ಇದೇ. ಅಮೆರಿಕದ ಅಮೆಜಾನ್ ಕಂಪನಿ 1996ರಲ್ಲಿ ಒಂದು ಯೋಜನೆ ತಂದಿತು. ಯಾರಾದರೂ ತಮ್ಮ ಬರಹದಲ್ಲಿ ಒಂದು ವಸ್ತುವಿನ ಕೊಂಡಿಯನ್ನು ಹಾಕಿ, ಅದರ ಮೂಲಕ ಹೋದವರು ಕೊಂಡರೆ, ಕೊಂಡಿ ಹಾಕಿದವರಿಗೆ ಕಮಿಷನ್. ಆದರೆ ಸಾಮಾನ್ಯವಾಗಿ 24 ಗಂಟೆಗಳ ಗಡುವು; ಅದರೊಳಗೆ ಗಿರಾಕಿ ವಸ್ತುವನ್ನು ಬುಟ್ಟಿಗೆ ಹಾಕಿಕೊಳ್ಳದಿದ್ದರೆ ತೋರಿಸಿಕೊಟ್ಟವನಿಗೆ ಪಾಲಿಲ್ಲ. ಈ ಕೆಲಸದಲ್ಲಿ ಪಳಗಿದವರು ಯಾವುದೇ ಯೋಜನೆಗೆ ಸೇರುವ ಮೊದಲು ಈ ಗಡುವನ್ನು ನೋಡುತ್ತಾರೆ. ಜೊತೆಗೆ ಎಷ್ಟು ಜನ ಬಂದರು, ಎಷ್ಟು ಜನ ಕೊಂಡರು ಎಂಬ ಲೆಕ್ಕವನ್ನು ತಾವೇ ತೆರೆದು ನೋಡಬಹುದೇ ಎಂದು ವಿಚಾರಿಸುತ್ತಾರೆ. ಕಣಗಲಾದ ವರ್ತಕರು ಈ ಹೆಸರುಗಳನ್ನು ಎತ್ತಲಿಲ್ಲ, ಕೇಳಿದ್ದು ಮಾತ್ರ ಅದನ್ನೇ. ಕೊಂಡಿಗೆ ಒಂದು ದಿನದ ಗಡುವು ನಡೆದೀತು; ಆರು ಸಲ ನಡೆದು ಹಿಡಿದ ಗಿರಾಕಿಗೆ ಕನಿಷ್ಠ ಒಂದು ವರ್ಷವಾದರೂ ಹಕ್ಕು ಬೇಡವೇ? ಜೀವವಿಮೆಯ ಏಜೆಂಟರಿಗೆ ನವೀಕರಣದ ಕಮಿಷನ್ ವರ್ಷವರ್ಷವೂ ಬರುತ್ತದೆ. ನಿಯಮಗಳಿಗೆ ಒಳಪಟ್ಟು ಅವರ ಕಾಲಾನಂತರ ವಾರಸುದಾರರಿಗೂ ಸಲ್ಲುತ್ತದೆ. ಹಳ್ಳಿಹಳ್ಳಿಗೂ ಆ ಏಜೆಂಟರು ಇರುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಹಣ ಯಾವ ತಾರೀಖಿಗೆ ಎಂಬ ಪ್ರಶ್ನೆಯನ್ನು ಕಾಫಿ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1940ರ ದಶಕದಿಂದ 1996ರವರೆಗೆ ಇದ್ದ ಪೂಲ್ ಪದ್ಧತಿಯಲ್ಲಿ ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಒಪ್ಪಿಸಿದ ಮೇಲೆ ಹಣ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. ಆ ಪದ್ಧತಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಆದರೆ ಮುಂದಿನ ಕಂತು ಯಾವಾಗ ಎಂದು ತಿಳಿಯದೆ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಿದ ಮನೆಗಳು ನಮ್ಮವೇ. ಅದೇ ನಾವು ಏಜೆಂಟರ ಕಮಿಷನ್ನನ್ನು ಮೂರು ತಿಂಗಳಿಗೊಮ್ಮೆ, ಲೆಕ್ಕ ತಪಾಸಣೆ ಆದ ಮೇಲೆ ಕೊಡುತ್ತೇವೆಂದು ಕರಾರಿನಲ್ಲಿ ಬರೆದಿದ್ದೆವು.

ಶೇ. 12ರ ಸಲಹೆಯನ್ನು ಈಗ ಲೆಕ್ಕ ಹಾಕಿ ನೋಡೋಣ. ಪೊಟ್ಟಣಕ್ಕೆ ರೂ. 200 ಎಂದು ಹಿಡಿಯಿರಿ. ಅಂಗಡಿಗೆ ತಿಂಗಳಿಗೆ 45 ಪೊಟ್ಟಣ ಹೋಗಿ, 40 ಮಾರಿ, 5 ಉಳಿದವು. ವ್ಯಾಪಾರ ರೂ. 8,000, ಶೇ. 12ರಂತೆ ಕಮಿಷನ್ ರೂ. 960. ಉಳಿದ ಐದನ್ನು ನಮ್ಮ ಈಗಿನ ಕರಾರಿನಂತೆ ಅವನ ತಲೆಗೇ ಕಟ್ಟಿದರೆ ರೂ. 1,000 ಅವನ ಕೈಯಿಂದ ಹೋಯಿತು. ತಿಂಗಳಿಡೀ ಮಾರಿ 40 ರೂಪಾಯಿ ನಷ್ಟ, ಐದು ಹಳಸಿದ ಪೊಟ್ಟಣ ಲಾಭ! ಅದೇ ಶೇ. 8 ಕೊಟ್ಟು, ಉಳಿದ ಮಾಲನ್ನು ಹಿಂದಕ್ಕೆ ಪಡೆದು, ಮುಂದಿನ ತಿಂಗಳ 5ನೇ ತಾರೀಖಿಗೆ ಹಣ ಮುಟ್ಟಿಸಿದರೆ ಅವನಿಗೆ ರೂ. 640 ನಿಖರವಾಗಿ ಸಿಗುತ್ತದೆ. ಸಭೆಯಲ್ಲಿ ನಾವು ಗಂಟೆಗಟ್ಟಲೆ ಚರ್ಚಿಸಿದ್ದು ದರವನ್ನು. ಏಜೆಂಟರು ಬಿಟ್ಟುಹೋದದ್ದು ಈ ಐದು ಪೊಟ್ಟಣಕ್ಕೆ.

ಮಾರುವವನ ಶ್ರಮಕ್ಕೆ ಬೆಲೆ ಕಟ್ಟುವ ವಿಚಾರದಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ದೊಡ್ಡ ಪ್ರಕರಣ ಪಿಗ್ಮಿ ಸಂಗ್ರಹಕಾರರದು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆಯಿಂದ ಈ ಠೇವಣಿಯನ್ನು ಶುರುಮಾಡಿತು. ಮನೆಮನೆಗೆ ಹೋಗುವ ಏಜೆಂಟರ ಮುಖ ನೋಡಿಯೇ ಜನ ಹಣ ಕೊಟ್ಟರು. ಅವರಿಗೆ ಸಂಬಳವಿಲ್ಲ, ಕಮಿಷನ್ ಮಾತ್ರ. ಇವರು ಕೆಲಸಗಾರರೋ ಅಲ್ಲವೋ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2001ರಲ್ಲಿ ತೀರ್ಪು ಬಂತು: ಅವರು ಕೆಲಸಗಾರರೇ, ಕಮಿಷನ್ ಎಂಬುದು ಅವರ ವೇತನವೇ. ನಮ್ಮ ಕಿರಾಣಿ ಏಜೆಂಟರಿಗೆ ಈ ತೀರ್ಪು ಅನ್ವಯಿಸುತ್ತದೆಂದು ನಾವು ಹೇಳುತ್ತಿಲ್ಲ. ಅವರು ಸ್ವಂತ ಅಂಗಡಿಯುಳ್ಳವರು. ಆದರೂ ಕಮಿಷನ್ ಕೊಡುವುದನ್ನು ಉಪಕಾರವೆಂದು ತಿಳಿಯುವ ನಮ್ಮ ಕೆಲವು ನಿರ್ದೇಶಕ ಮಿತ್ರರು ಇದನ್ನು ಓದಲೆಂದು ಬರೆದಿದ್ದೇವೆ.

ಮಾಲಿನ ಗುಣದ ಬಗ್ಗೆ ಒಂದೇ ಮಾತು. ಏಜೆಂಟ ಮಾರುವುದು ತನ್ನ ಹೆಸರಿನ ಮೇಲೆ. ಈ ತಿಂಗಳ ಪುಡಿ ಹದವಾಗಿದ್ದು ಮುಂದಿನ ತಿಂಗಳದು ಕರಕಲಾದರೆ ಗಿರಾಕಿ ಬೈಯುವುದು ನಮ್ಮನ್ನಲ್ಲ, ಅವನನ್ನು. ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದೆಂಬುದು ಕಾನೂನು. ಪ್ರಮಾಣವನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಿಸಿ. ಅಡಿಕೆಯ ಸದಸ್ಯರು ನಮ್ಮ ಮಾಲಿಗೂ ಹೀಗೆಯೇ ಮಾಡಬಾರದೇ ಎಂದು ಕೇಳಿದ್ದಾರೆ. ಟೆಂಡರಿನಲ್ಲಿ ಹೋಗುವ ಮಾಲಿನ ದಾರಿ ಬೇರೆ, ಅದನ್ನು ಇದರೊಂದಿಗೆ ಬೆರೆಸುವುದು ಬೇಡ.

ಪುಣೆ, ಬೆಂಗಳೂರುಗಳಲ್ಲಿರುವ ಸದಸ್ಯರ ಮಕ್ಕಳು ಫೋನಿನ ಮೂಲಕ ಮಾರಿಕೊಡಲು ಮುಂದೆ ಬಂದಿದ್ದಾರೆ. ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡಬಹುದು. ಕಮಿಷನ್ ಪಡೆದು ಹೊಗಳುತ್ತಿದ್ದೇನೆ ಎಂಬುದನ್ನು ಅವರು ಬಹಿರಂಗವಾಗಿ ಹೇಳತಕ್ಕದ್ದು. 2022ರ ಜಾಹೀರಾತು ಮಾರ್ಗಸೂಚಿಗಳಂತೆ ಅದು ಕಡ್ಡಾಯ. ಜೊತೆಗೊಂದು ಎಚ್ಚರಿಕೆ: ಏಜೆಂಟನಾಗಲು ಮೊದಲು ಹಣ ಕಟ್ಟಿ, ಆಮೇಲೆ ಇಬ್ಬರನ್ನು ಸೇರಿಸಿ ಎನ್ನುವ ಕಂಪನಿಗಳು ನಮ್ಮ ಕಡೆಯೂ ಬರುತ್ತಿವೆ. ಅಂಥ ಹಣಚಲಾವಣೆ ಯೋಜನೆಗಳನ್ನು 1978ರ ಕಾಯಿದೆ ನಿಷೇಧಿಸಿದೆ. ಮಾಲು ಮಾರಿದ್ದಕ್ಕೆ ಬರುವುದು ಕಮಿಷನ್, ಜನರನ್ನು ಸೇರಿಸಿದ್ದಕ್ಕೆ ಬರುವುದು ಬೇರೆ ಯಾರದೋ ಮನೆಯ ದುಡ್ಡು.

ಹೊಸ ಕರಾರಿನ ಕರಡು ಸಂಘದ ಕಚೇರಿಯಲ್ಲಿದೆ. ಶೇ. 8 ಹಾಗೆಯೇ ಇದೆ. ಪ್ರತಿ ತಿಂಗಳ 5ನೇ ತಾರೀಖಿಗೆ ಪಾವತಿ. ಏಜೆಂಟರು ತಂದ ಗಿರಾಕಿಯ ಹೆಸರು ಅವರ ಖಾತೆಯಲ್ಲಿ ಒಂದು ವರ್ಷ, ಅವನು ಯಾರಿಗೇ ಫೋನ್ ಮಾಡಲಿ. ಖಾತೆಯ ನಕಲು ಕೇಳಿದ ದಿನವೇ ಕೊಡುವುದು. ಮಾರದ ಮಾಲು ಅವಧಿಗೆ ಎರಡು ತಿಂಗಳು ಮುಂಚೆ ಹಿಂದಕ್ಕೆ. ಹಿಂದಕ್ಕೆ ಬರುವ ಪೊಟ್ಟಣದ ಲಾರಿ ಬಾಡಿಗೆ ಯಾರದೆಂಬುದು ಮಾತ್ರ ಇನ್ನೂ ಖಾಲಿ ಬಿಟ್ಟಿದೆ. ಸಂಘವೇ ಭರಿಸಬೇಕೆಂಬುದು ನಮ್ಮ ಮತ, ಖಜಾಂಚಿಯವರು ಒಪ್ಪಿಲ್ಲ. ಸಭೆಗೆ ಬರುವ ಮೊದಲು ಸದಸ್ಯರು ಕರಡನ್ನು ಓದಿ ಬರಬೇಕಾಗಿ ವಿನಂತಿ. ಕಣಗಲಾದ ವರ್ತಕರಿಗೆ ಉತ್ತರ ಬರೆಯುವುದು ಇನ್ನೂ ಬಾಕಿ ಇದೆ.