ಸಾಲಗಾರನೂ ಗ್ರಾಹಕನೇ: ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಮೆಕ್ಕೆಜೋಳ, ಭತ್ತ, ಶುಂಠಿ ಬೆಳೆಯುವ ಈ ಎರಡು ತಾಲ್ಲೂಕುಗಳ ಅನೇಕ ಕುಟುಂಬಗಳಲ್ಲಿ ಬಿತ್ತನೆಯೊಡನೆ ಸಾಲವೂ ಆರಂಭವಾಗುತ್ತದೆ. ಒಂದೇ ಮನೆಯಲ್ಲಿ ಸಹಕಾರ ಸಂಘದ ಬೆಳೆ ಸಾಲ, ಬ್ಯಾಂಕಿನ ಚಿನ್ನದ ಸಾಲ, ಮಹಿಳೆಯ ಹೆಸರಿನ ಕಿರುಸಾಲ ಮತ್ತು ಊರಿನ ಕೈಸಾಲ ಇರಬಹುದು. ಕಂತು ತಪ್ಪಿ ವಸೂಲಿಗಾರರು ಬಾಗಿಲಿಗೆ ಬಂದಾಗ ಕುಟುಂಬವು ಮೊದಲು ನೆನೆಯುವುದು ವಾರ್ಡಿನ ಸದಸ್ಯರನ್ನು. ಆಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ: ಸಾಲ ಕೊಟ್ಟವರು ಯಾರು? ಹಕ್ಕು ಯಾವುದು, ದೂರು ಎಲ್ಲಿಗೆ ಎಂಬುದು ಇದರ ಉತ್ತರವನ್ನೇ ಅವಲಂಬಿಸಿದೆ.

1. ಸಹಿಗೆ ಮುನ್ನ

ಬಡ್ಡಿ, ಶುಲ್ಕ ಹಾಗೂ ಒಟ್ಟು ವಾರ್ಷಿಕ ವೆಚ್ಚವನ್ನು ತೋರಿಸುವ ‘ಪ್ರಮುಖ ಅಂಶಗಳ ಪತ್ರ’ವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ನೀಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಇದರ ಅಗತ್ಯವನ್ನು ಒಂದು ಲೆಕ್ಕ ತೋರಿಸುತ್ತದೆ. 50,000 ರೂಪಾಯಿಗೆ ಶೇ. 12ರ ‘ಫ್ಲಾಟ್’ ಬಡ್ಡಿಯಂತೆ ವರ್ಷಕ್ಕೆ 6,000 ರೂಪಾಯಿ. ಮಾಸಿಕ ಕಂತು ಸುಮಾರು 4,667 ರೂಪಾಯಿ. ಅಸಲು ಪ್ರತಿ ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ಣ ಮೊತ್ತದ ಮೇಲೆಯೇ ನಿಲ್ಲುವುದರಿಂದ ನಿಜವಾದ ದರ ಶೇ. 21ನ್ನು ಮೀರುತ್ತದೆ. ವಿಮೆಯ ಹಣವನ್ನು ಮೊದಲೇ ಮುರಿದುಕೊಂಡರೆ ಹೊರೆ ಇನ್ನೂ ಹೆಚ್ಚು. ಕಿರುಸಾಲದೊಡನೆ ಒಪ್ಪಿಗೆಯಿಲ್ಲದೆ ವಿಮೆಯನ್ನಾಗಲಿ ಸರಕನ್ನಾಗಲಿ ಹೊರಿಸುವಂತಿಲ್ಲ.

2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದೆಂಬ ನಿಯಮವು 1-1-2025ರಿಂದ ಜಾರಿಯಲ್ಲಿದೆ. ಸಾಲ ಪೂರ್ಣವಾಗಿ ತೀರಿದ 30 ದಿನಗಳೊಳಗೆ ಬ್ಯಾಂಕು ಆಸ್ತಿಯ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು.

2. ವಸೂಲಿಯ ಮಿತಿ

ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿರ್ದೇಶನಗಳಂತೆ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವು ಕಿರುಸಾಲವಾಗಿದೆ. ಎಲ್ಲ ಸಾಲಗಳ ಕಂತುಗಳೂ ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮುನ್ನ ಮತ್ತು ಸಂಜೆ 6ರ ನಂತರ ಕರೆ ಮಾಡುವುದು, ನಿಂದಿಸುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು ನಿಷಿದ್ಧ. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡವಿಲ್ಲ.

3. ನೋಂದಣಿ ಇಲ್ಲದ ಸಾಲದಾತರು

ಕಿರುಸಾಲ ಹಾಗೂ ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ರಾಜ್ಯ ಸರ್ಕಾರವು ಫೆಬ್ರವರಿ 2025ರಲ್ಲಿ ಅಧ್ಯಾದೇಶ ಹೊರಡಿಸಿತು. ಅನಂತರ ಅದು ಕಾಯ್ದೆಯಾಯಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಕಾರಾಗೃಹ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನೋಂದಣಿ, ಪರವಾನಗಿ ಎರಡೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವು ತೀರಿದೆಯೆಂದೇ ಈ ಕಾನೂನು ಪರಿಗಣಿಸುತ್ತದೆ.

ಇಲ್ಲಿ ಎಚ್ಚರ ಅಗತ್ಯ. ಬ್ಯಾಂಕುಗಳ ಹಾಗೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳ ಸಾಲವು ಇದರಿಂದ ಮನ್ನಾ ಆಗಿಲ್ಲ. ‘ಇನ್ನು ಕಂತು ಕಟ್ಟಬೇಕಿಲ್ಲ’ ಎಂಬ ಮಾತನ್ನು ನಂಬಿದ ಕುಟುಂಬವು ಸುಸ್ತಿದಾರನಾಗಿ ಮುಂದಿನ ಬೆಳೆ ಸಾಲವನ್ನೇ ಕಳೆದುಕೊಳ್ಳಬಹುದು. ಸದಸ್ಯರು ಈ ವದಂತಿಯನ್ನು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ತಿದ್ದಬೇಕು.

4. ದೂರಿನ ದಾರಿ

• ಬ್ಯಾಂಕು, ನೋಂದಾಯಿತ ಹಣಕಾಸು ಸಂಸ್ಥೆ: ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ದೂರವಾಣಿ 14448.
• ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ: ಸಹಕಾರ ಸಂಘಗಳ ಸಹಾಯಕ ನಿಬಂಧಕರು.
• ಸೇವಾ ನ್ಯೂನತೆ: ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಬ್ಯಾಂಕಿಂಗ್ ಕೂಡ ‘ಸೇವೆ’. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಸಹಾಯವಾಣಿ 1915.
• ಬೆದರಿಕೆ, ಹಲ್ಲೆ: ಸಾಲದಾತರು ಯಾರೇ ಆಗಿರಲಿ, ಕೂಡಲೇ ಪೊಲೀಸ್ ಠಾಣೆ, ತುರ್ತು ಕರೆ 112.
• ಉಚಿತ ಕಾನೂನು ನೆರವು: ತಾಲ್ಲೂಕು ಕಾನೂನು ಸೇವಾ ಸಮಿತಿ, ದೂರವಾಣಿ 15100.

5. ಸದಸ್ಯರ ಪಾತ್ರ

ಸಾಲದ ಬಗ್ಗೆ ಪಂಚಾಯ್ತಿ ನಡೆಸಿ ತೀರ್ಪು ಕೊಡುವುದು ಸದಸ್ಯರ ಕೆಲಸವಲ್ಲ. ಸಾಲದ ಕಾರ್ಡು, ರಸೀದಿ, ಪಾಸ್‌ಪುಸ್ತಕಗಳನ್ನು ಒಂದೆಡೆ ಕೂಡಿಸುವುದು, ದೂರನ್ನು ಬರೆಯಿಸುವುದು, ಸ್ವೀಕೃತಿಯ ದಿನಾಂಕವನ್ನು ಗುರುತಿಟ್ಟು 30ನೆಯ ದಿನ ಮತ್ತೆ ವಿಚಾರಿಸುವುದು ಅವರಿಂದ ಆಗಬೇಕಾದ ನೆರವು. ಕಾಗದವಿಲ್ಲದ ಹಕ್ಕನ್ನು ಕಚೇರಿಯಲ್ಲಿ ಸಾಧಿಸುವುದು ಕಷ್ಟ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಸಾಲ ನೀಡುತ್ತಿರುವವರು ಯಾರು ಯಾರು? ಅವರಲ್ಲಿ ನೋಂದಣಿ ಪತ್ರ ತೋರಿಸಬಲ್ಲವರು ಎಷ್ಟು?
2. ಸ್ವಸಹಾಯ ಗುಂಪುಗಳ ಮಹಿಳೆಯರ ಬಳಿ ಇರುವ ಸಾಲದ ಕಾರ್ಡು ಕನ್ನಡದಲ್ಲಿದೆಯೇ?
3. ಮೇಲಿನ ದೂರವಾಣಿ ಸಂಖ್ಯೆಗಳನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಬರೆಯಲಾಗಿದೆಯೇ?